ಮಳೆಗಾಲದ ವರದಿಗಾರನ ಸಂಬಳ ಯಾರು ಕೊಡಬೇಕು?

(ಗೋಣಿಕೊಪ್ಪಲಿನಲ್ಲಿ ಆಡಿದ ಮಾತುಗಳ ಬರಹ ರೂಪ)

ಲೆಕ್ಕದಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕೂತಿರುವವರಲ್ಲಿ ಕೆಲವರು ಕೊಡಗಿಗೆ ಅಂತಲೇ ಒಂದು ಆನ್‌ಲೈನ್ ಪತ್ರಿಕೆ ತರಬೇಕು ಅಂತ ಹೊರಟಿದ್ದೀರಿ. ಉಳಿದವರು ಅದನ್ನು ಓದಬೇಕಾದವರು. ಇಬ್ಬರಿಗೂ ಈ ಲೆಕ್ಕ ಗೊತ್ತಿರಬೇಕು.

ಇಬ್ಬರು ವರದಿಗಾರರು, ಒಬ್ಬ ಸಂಪಾದಕ. ಬೈಕಿಗೆ ಪೆಟ್ರೋಲು, ಫೋನ್ ಬಿಲ್ಲು, ಸರ್ವರ್ ಬಾಡಿಗೆ, ವರ್ಷಕ್ಕೊಮ್ಮೆ ಆಡಿಟರ್ ಫೀಸು. ಎಷ್ಟೇ ಕೈ ಬಿಗಿ ಹಿಡಿದರೂ ತಿಂಗಳಿಗೆ ಒಂದು ಲಕ್ಷ ರೂಪಾಯಿ ಬೇಕೇ ಬೇಕು. ಆಫೀಸು ಅಂತ ಒಂದು ಕೋಣೆ ಬಾಡಿಗೆಗೆ ಹಿಡಿದರೆ ಇದೂ ಸಾಲದು.

ಈ ದುಡ್ಡು ಎಲ್ಲಿಂದ ಬರಬೇಕು? ಪುಟದಲ್ಲಿ ತಾನಾಗಿ ಬಂದು ಕೂರುವ ಜಾಹೀರಾತಿನಿಂದ ಬರುತ್ತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಪುಟವನ್ನು ಸಾವಿರ ಸಲ ತೆರೆದರೆ 50 ರೂಪಾಯಿ ಸಿಗುತ್ತೆ ಅಂತಲೇ ಇಟ್ಟುಕೊಳ್ಳಿ. ಒಂದು ಲಕ್ಷ ಆಗಬೇಕಾದರೆ ತಿಂಗಳಿಗೆ 20 ಲಕ್ಷ ಸಲ ತೆರೆಯಬೇಕು. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519. ತೊಟ್ಟಿಲಲ್ಲಿರುವ ಕೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಜಿಲ್ಲೆಯ ಎಲ್ಲರೂ ತಿಂಗಳಿಗೆ ಮೂರು ನಾಲ್ಕು ಸಲ ನಮ್ಮ ಪುಟ ತೆರೆಯಬೇಕು. ಆಗುವ ಮಾತಲ್ಲ. ಆಗ ಪತ್ರಿಕೆ ಏನು ಮಾಡುತ್ತೆ? ಕೊಡಗಿನ ಹೊರಗಿನವರೂ ಓದುವಂಥದ್ದು ಹುಡುಕುತ್ತೆ. ಸಿನಿಮಾ ನಟಿಯ ಮದುವೆ, ಕ್ರಿಕೆಟಿಗನ ಹೊಸ ಕಾರು, 'ಮಡಿಕೇರಿಯಲ್ಲಿ ನೋಡಲೇಬೇಕಾದ ಹತ್ತು ಜಾಗ'. ಬಿಟ್ಟಂಗಾಲದ ಕಡೆ ರಸ್ತೆ ಕುಸಿದರೆ ಅದನ್ನು ಓದುವವರು ಐನೂರು ಜನ. ಅವರಿಗೆ ಅದಕ್ಕಿಂತ ಮುಖ್ಯವಾದ ಸುದ್ದಿ ಅವತ್ತು ಬೇರೆ ಇರುವುದಿಲ್ಲ. ಆದರೆ ಜಾಹೀರಾತಿನ ಲೆಕ್ಕದಲ್ಲಿ ಆ ಸುದ್ದಿಯ ಬೆಲೆ 25 ರೂಪಾಯಿ. ವರದಿಗಾರ ಅಲ್ಲಿಗೆ ಹೋಗಿ ಬರುವ ಪೆಟ್ರೋಲಿಗೂ ಸಾಲುವುದಿಲ್ಲ.

ಇನ್ನೊಂದು ಲೆಕ್ಕ ನೋಡಿ. ವರ್ಷಕ್ಕೆ ಬೇಕಾದದ್ದು 12 ಲಕ್ಷ. ತಲಾ ಸಾವಿರ ರೂಪಾಯಿ ಕೊಡುವ 1,200 ಜನ ಸಿಕ್ಕರೆ ಆಯಿತು. ಜಿಲ್ಲೆಯಲ್ಲಿ 460 ಜನಕ್ಕೆ ಒಬ್ಬರು. ಅದು ಸುಲಭ ಅಂತ ನಾನು ಹೇಳುತ್ತಿಲ್ಲ. ಆದರೆ ನೀವು ಹೆಸರು ಬರೆದು, ಫೋನ್ ಮಾಡಿ, ಮನೆಗೆ ಹೋಗಿ ಕೇಳಬಹುದಾದಷ್ಟು ಜನ ಅದು. 20 ಲಕ್ಷ ಕ್ಲಿಕ್ಕನ್ನು ಯಾರ ಮನೆಗೆ ಹೋಗಿ ಕೇಳುತ್ತೀರಿ?

ಮೂರನೆಯ ದಾರಿಯೂ ಇದೆ ಅಂತ ನಿಮಗೆ ಗೊತ್ತು. ಸ್ಥಳೀಯ ಜಾಹೀರಾತು. ರೆಸಾರ್ಟು, ಹೋಂಸ್ಟೇ, ಲೇಔಟು, ಚುನಾವಣೆ ಹತ್ತಿರ ಬಂದಾಗ ಶುಭಾಶಯ. ಇದನ್ನು ಪೂರ್ತಿ ಬೇಡ ಅನ್ನುವವನಲ್ಲ ನಾನು. ಅಂಗಡಿಯವರ ಜಾಹೀರಾತು ಊರಿನ ಪತ್ರಿಕೆಯಲ್ಲಿ ಇರಲಿ. ಆದರೆ ಗುಡ್ಡಗಳು ಕುಸಿದ 2018ರ ಆಗಸ್ಟನ್ನು ನೆನಪು ಮಾಡಿಕೊಳ್ಳಿ. ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ. ಮರುವರ್ಷ ತೋರ. ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. ಗುಡ್ಡವನ್ನು ಎಲ್ಲಿ, ಯಾರು, ಯಾವ ಪರವಾನಗಿ ಇಟ್ಟುಕೊಂಡು ಕಡಿಯುತ್ತಿದ್ದಾರೆ ಅಂತ ಬರೆಯುವುದು ಈ ಜಿಲ್ಲೆಯಲ್ಲಿ ಜೀವದ ಪ್ರಶ್ನೆ. ನಿಮ್ಮ ಅರ್ಧ ಸಂಬಳ ಗುಡ್ಡ ಕಡಿದವರ ಜಾಹೀರಾತಿನಿಂದಲೇ ಬರುತ್ತಿದ್ದರೆ ಆ ವರದಿ ಹೊರಗೆ ಬರುತ್ತಾ? ಯಾರೂ ಫೋನ್ ಮಾಡಿ ಬೆದರಿಸಬೇಕಾಗಿಲ್ಲ. ಬರೆಯುವವನೇ ಬೇರೆ ವಿಷಯ ಹುಡುಕಿಕೊಳ್ಳುತ್ತಾನೆ. ನಾನು ಮೊದಲು ಕೆಲಸ ಮಾಡಿದ ಒಂದು ಪತ್ರಿಕೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಬೈಗುಳ ಇಲ್ಲ, ಜಗಳ ಇಲ್ಲ. ಒಂದು ವರದಿ 'ನಾಳೆ ನೋಡೋಣ' ಅಂತ ಪಕ್ಕಕ್ಕೆ ಹೋಯಿತು, ಆ ನಾಳೆ ಬರಲೇ ಇಲ್ಲ.

ಓದುಗರ ದುಡ್ಡಿನಲ್ಲಿ ಪತ್ರಿಕೆ ನಡೆಸುವುದು ಫಾರಿನ್ ಐಡಿಯಾ ಅಂತ ಕೆಲವರು ಅಂದುಕೊಂಡಿದ್ದಾರೆ. ಕನ್ನಡದವರಿಗೆ ಇದು ಹೊಸದೇನಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳಲಿಲ್ಲ. ವಾರ ವಾರ ಜನ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಕೊಂಡರು, ಅದರಲ್ಲೇ ಪತ್ರಿಕೆ ನಡೆಯಿತು. ಗುಡ್ಡ ಇಳಿದು ಪುತ್ತೂರಿಗೆ ಹೋದರೆ ಅಡಿಕೆ ಪತ್ರಿಕೆ ಇದೆ. 1988ರಿಂದ ಬರುತ್ತಿದೆ. ಕೃಷಿಕರೇ ಬರೆಯುತ್ತಾರೆ, ಕೃಷಿಕರೇ ಚಂದಾ ಕಟ್ಟುತ್ತಾರೆ. ಒಂದು ಬೆಳೆಯ ಸುತ್ತ, ಒಂದು ಸೀಮೆಯ ಸುತ್ತ ಪತ್ರಿಕೆ ನಿಲ್ಲಬಲ್ಲದು ಅನ್ನುವುದಕ್ಕೆ ನಮ್ಮ ಪಕ್ಕದ ಊರಲ್ಲೇ ಸಾಕ್ಷಿ ಇದೆ.

ಹೊರಗಿನ ಉದಾಹರಣೆಗಳನ್ನೂ ಹೇಳುತ್ತೇನೆ, ಬೇಗ ಮುಗಿಸುತ್ತೇನೆ. ಫ್ರಾನ್ಸಿನಲ್ಲಿ ಮೀಡಿಯಾಪಾರ್ ಅಂತ ಒಂದು ಆನ್‌ಲೈನ್ ಪತ್ರಿಕೆ 2008ರಲ್ಲಿ ಶುರುವಾಯಿತು. ಜಾಹೀರಾತು ಇಲ್ಲವೇ ಇಲ್ಲ, ಚಂದಾ ಮಾತ್ರ. ಇವತ್ತು ಎರಡು ಲಕ್ಷಕ್ಕೂ ಜಾಸ್ತಿ ಚಂದಾದಾರರಿದ್ದಾರೆ. ನಮ್ಮ ದೇಶದಲ್ಲಿ 2012ರಲ್ಲಿ ಬಂದ ನ್ಯೂಸ್‌ಲಾಂಡ್ರಿ ಇದೇ ದಾರಿ ಹಿಡಿಯಿತು. ಇಂಥ ವಿಷಯದ ಮೇಲೆ ಇಂಥ ವರದಿ ಮಾಡುತ್ತೇವೆ, ಅದಕ್ಕೆ ಇಷ್ಟು ಖರ್ಚು, ಬೇಕು ಅನ್ನುವವರು ಕೊಡಿ ಅಂತ ಅವರು ಓದುಗರನ್ನು ಕೇಳುತ್ತಾರೆ. ಪತ್ರಕರ್ತ ಪಿ. ಸಾಯಿನಾಥ್ ಅವರು ಹಳ್ಳಿಗಾಡಿನ ವರದಿಗಳಿಗೆ ಅಂತಲೇ 2014ರಲ್ಲಿ ಶುರು ಮಾಡಿದ ಆನ್‌ಲೈನ್ ತಾಣ 'ಪರಿ' ಟ್ರಸ್ಟಿನ ಹೆಸರಲ್ಲಿ ನಡೆಯುತ್ತದೆ, ಎಲ್ಲರೂ ಪುಕ್ಕಟೆ ಓದಬಹುದು, ಕನ್ನಡದಲ್ಲೂ ಇದೆ.

ಸೋತ ಉದಾಹರಣೆಯೂ ಗೊತ್ತಿರಲಿ. ನೆದರ್‌ಲ್ಯಾಂಡ್ಸ್‌ನ ಡಿ ಕರೆಸ್ಪಾಂಡೆಂಟ್ 2013ರಲ್ಲಿ ಓದುಗರನ್ನು ಕೇಳಿದಾಗ ಎಂಟು ದಿನದಲ್ಲಿ ಹತ್ತು ಲಕ್ಷ ಯೂರೋ ಬಂತು. ಆ ಹುರುಪಿನಲ್ಲಿ ಅವರು ಇಡೀ ಜಗತ್ತಿಗೆ ಅಂತ ಇಂಗ್ಲಿಷಿನಲ್ಲಿ ಒಂದು ಪತ್ರಿಕೆ ಮಾಡಿದರು. ಅದಕ್ಕೂ ಜನ ಮುಂಚಿತವಾಗಿ ದುಡ್ಡು ಕೊಟ್ಟರು. 2019ರ ಸೆಪ್ಟೆಂಬರಿನಲ್ಲಿ ಶುರುವಾಯಿತು, 2021ರ ಜನವರಿ 1ಕ್ಕೆ ಮುಚ್ಚಿತು. ಮೊದಲ ಸಲ ಕೊಟ್ಟವರಲ್ಲಿ ಸಾಕಷ್ಟು ಜನ ಮತ್ತೆ ಕೊಡಲಿಲ್ಲ. ಡಚ್ ಪತ್ರಿಕೆ ಮಾತ್ರ ಇವತ್ತಿಗೂ ನಡೆಯುತ್ತಿದೆ. ನನಗೆ ಕಾಣುವುದು ಇಷ್ಟು: ಜಗತ್ತಿಗೆಲ್ಲ ಅಂತ ಮಾಡಿದ ಪತ್ರಿಕೆ ನನ್ನದು ಅಂತ ಯಾರಿಗೂ ಅನ್ನಿಸುವುದಿಲ್ಲ.

ಇಲ್ಲೇ ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದೆ. ಮೊದಲನೇ ವರ್ಷದ ದುಡ್ಡು ಎತ್ತುವುದು ಕಷ್ಟವಲ್ಲ. ಎರಡನೇ ವರ್ಷ ಅದೇ ಜನ ಮತ್ತೆ ಕೊಡುವ ಹಾಗೆ ಮಾಡುವುದೇ ಪೂರ್ತಿ ಕೆಲಸ. ನಮ್ಮ ಕೌಟುಂಬಿಕ ಹಾಕಿ ಹಬ್ಬವನ್ನೇ ನೋಡಿ. 1997ರಲ್ಲಿ ಕರಡದಲ್ಲಿ ಶುರುವಾಯಿತು. ಅಲ್ಲಿಂದ ಪ್ರತಿ ಸಲ ಬೇರೆ ಬೇರೆ ಒಕ್ಕದವರು, ಅಂದರೆ ಕೊಡವ ಮನೆತನದವರು, ಹೊತ್ತುಕೊಂಡು ನಡೆಸುತ್ತಾರೆ. ಒಂದು ಒಕ್ಕ ಜೀವಮಾನಕ್ಕೊಮ್ಮೆ ಮೈಮುರಿದು ಮಾಡುತ್ತೆ, ಮುಂದಿನ ವರ್ಷ ಇನ್ನೊಂದು ಒಕ್ಕಕ್ಕೆ ಕೊಡುತ್ತೆ. ಒಂದು ದೊಡ್ಡ ಕೆಲಸಕ್ಕೆ ಎಲ್ಲರೂ ಕೈ ಹಾಕುವುದು ನಮಗೆ ಚೆನ್ನಾಗಿ ಗೊತ್ತು. ಪತ್ರಿಕೆಗೆ ಈ ಅನುಕೂಲ ಇಲ್ಲ. ಅದೇ 1,200 ಜನ, ಅದೇ ಸಾವಿರ ರೂಪಾಯಿ, ಪ್ರತಿ ವರ್ಷ. ಕಪ್ಪಿಲ್ಲ, ಫೈನಲ್ ಇಲ್ಲ. ಹಾಗಾಗಿ ಯಾವ ತಿಂಗಳು ಕೇಳಬೇಕು, ಹೇಗೆ ಕೇಳಬೇಕು, ಕೊಟ್ಟ ಮೇಲೆ ಏನು ತೋರಿಸಬೇಕು ಅನ್ನುವುದನ್ನೆಲ್ಲ ಎರಡನೇ ವರ್ಷವನ್ನು ಮನಸ್ಸಲ್ಲಿಟ್ಟುಕೊಂಡೇ ತೀರ್ಮಾನ ಮಾಡಬೇಕು.

ಯಾವ ತಿಂಗಳು ಅಂದೆ. ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಶಕ್ತಿ ಪತ್ರಿಕೆ 1957ರಿಂದ ಮಡಿಕೇರಿಯಿಂದ ಬರುತ್ತಿದೆ. ಬೆಳಿಗ್ಗೆ ಬಸ್ಸಿನಲ್ಲಿ ಪೇಪರ್ ಕಟ್ಟು ಬರುವುದು, ಜಂಕ್ಷನ್ನಿನ ಅಂಗಡಿ ಮುಂದೆ ಕಂಡಕ್ಟರ್ ಅದನ್ನು ಎಸೆಯುವುದು, ಅಲ್ಲಿಂದ ಅದು ತೋಟದ ಮನೆಗೆ ಹೋಗುವುದು, ಇದನ್ನೆಲ್ಲ ನೋಡಿ ಬೆಳೆದವರು ನಾವು. ನಮ್ಮ ಊರಿನ ಪೇಪರ್ ಏಜೆಂಟರ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇತ್ತು. ಎಡಗಡೆ ಮನೆಯ ಹೆಸರು, ಪಕ್ಕದಲ್ಲಿ ಹನ್ನೆರಡು ತಿಂಗಳಿಗೆ ಹನ್ನೆರಡು ಗೆರೆ. ಮಾಸ್ತರರ ಮನೆ, ಪೋಸ್ಟಾಫೀಸಿನವರ ಮನೆ, ಬ್ಯಾಂಕಿನವರ ಮನೆ ಮುಂದೆ ತಿಂಗಳಿಗೊಂದು ಟಿಕ್. ತೋಟದ ಮನೆಗಳ ಮುಂದೆ ಟಿಕ್ ಇರುತ್ತಿರಲಿಲ್ಲ. ಅಲ್ಲಿ ಪೆನ್ಸಿಲಿನಲ್ಲಿ 'ಕಾಫಿ ಆದ್ಮೇಲೆ' ಅಂತ ಬರೆದಿರುತ್ತಿದ್ದರು. ಕಾಫಿ ಮಾರಿ ದುಡ್ಡು ಬಂದ ಮೇಲೆ ಇಡೀ ವರ್ಷದ್ದು ಒಟ್ಟಿಗೆ ಕೊಡುತ್ತಿದ್ದರು. ಯಾರೂ ತಪ್ಪಿಸುತ್ತಿರಲಿಲ್ಲ. ಏಜೆಂಟರಿಗೂ ಅದರ ಬಗ್ಗೆ ತಕರಾರಿರಲಿಲ್ಲ.

ಆ ನೋಟ್‌ಬುಕ್ಕಿನಲ್ಲಿದ್ದ ತಿಳಿವಳಿಕೆ ಇವತ್ತಿನ ಆನ್‌ಲೈನ್ ಪತ್ರಿಕೆಗಳಲ್ಲಿ ಇಲ್ಲ. 'ತಿಂಗಳಿಗೆ ಬರೀ 99 ರೂಪಾಯಿ' ಅಂತ ಎಲ್ಲರೂ ಕೇಳುತ್ತಾರೆ. ಅದು ತಿಂಗಳ ಸಂಬಳದವರ ಲೆಕ್ಕ. ಕೊಡಗಿನಲ್ಲಿ ದುಡ್ಡು ಬರುವ ಕಾಲವೇ ಬೇರೆ. ಅರೇಬಿಕಾ ನವೆಂಬರಿನಿಂದ ಜನವರಿ, ರೋಬಸ್ಟಾ ಜನವರಿಯಿಂದ ಮಾರ್ಚ್, ಅದರ ಬೆನ್ನಿಗೆ ಕರಿಮೆಣಸು. ಮಾರ್ಚಿನಲ್ಲಿ ಕೈಯಲ್ಲಿ ಕಾಸಿರುತ್ತೆ. ಜೂನಿಗೆ ಗೊಬ್ಬರ, ಮಕ್ಕಳ ಫೀಸು, ಬ್ಯಾಂಕ್ ಬಡ್ಡಿ ಅಂತ ಅದು ಕರಗಿರುತ್ತೆ. ಬೆಳೆಗಾರರ ಹತ್ತಿರ ವರ್ಷಕ್ಕೊಮ್ಮೆ, ಮಾರ್ಚಿನಲ್ಲಿ, ಸಾವಿರ ರೂಪಾಯಿ ಕೇಳಿ. ಸಂಬಳದವರಿಗೆ ತಿಂಗಳ ದಾರಿಯೂ ಇರಲಿ. ತೋಟದ ಕೆಲಸದವರಿಗೆ ವಾರದ ಬಟವಾಡೆ. ಅವರು 20 ರೂಪಾಯಿ ಕೊಟ್ಟರೂ ಸದಸ್ಯರೇ. ಯಾಕೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ.

ತಿಂಗಳ ಕಡಿತಕ್ಕೆ ಇನ್ನೊಂದು ತೊಡಕಿದೆ. ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವುದಕ್ಕೆ ರಿಸರ್ವ್ ಬ್ಯಾಂಕ್ 2021ರ ಅಕ್ಟೋಬರ್ 1ರಿಂದ ಹೊಸ ನಿಯಮ ಜಾರಿಗೆ ತಂದಿತು. ಗ್ರಾಹಕರು ಹೊಸದಾಗಿ ಒಪ್ಪಿಗೆ ಕೊಡಬೇಕು, ಕಡಿತಕ್ಕೆ 24 ಗಂಟೆ ಮೊದಲು ಅವರಿಗೆ ಸಂದೇಶ ಹೋಗಬೇಕು, 5,000 ರೂಪಾಯಿ ಮೇಲಿನದಕ್ಕೆ ಪ್ರತಿ ಸಲ ಒಟಿಪಿ. ಮಿತಿಯನ್ನು 2022ರಲ್ಲಿ 15,000ಕ್ಕೆ ಏರಿಸಿದರು. ಗ್ರಾಹಕರಿಗೆ ಇದು ಒಳ್ಳೆಯ ನಿಯಮವೇ. ಆದರೆ ಹಳೆಯ ಒಪ್ಪಿಗೆಗಳು ಅವತ್ತು ನಿಂತುಹೋದವು, ಓದುಗರ ತಿಂಗಳ ಹಣವನ್ನೇ ನಂಬಿದ್ದವರಿಗೆ ಪೆಟ್ಟು ಬಿತ್ತು. ಈಗ ಯುಪಿಐ ಆಟೋಪೇ ಇದೆ, ಕೆಲಸ ಮಾಡುತ್ತೆ. ಆದರೂ ನನ್ನ ಸಲಹೆ ಇಷ್ಟು: ಒಂದು ಕ್ಯೂಆರ್ ಕೋಡ್, ವರ್ಷಕ್ಕೊಂದು ಪಾವತಿ, ಒಂದು ರಸೀದಿ. ಮುಂದಿನ ಮಾರ್ಚಿನಲ್ಲಿ ಒಬ್ಬ ಮನುಷ್ಯ ಫೋನ್ ಮಾಡಿ ನೆನಪಿಸಲಿ. ಮೊಬೈಲಿಗೆ ಸುಮ್ನೆ ಒಂದು ಮೆಸೇಜ್ ಹಾಕಿದರೆ ಯಾರೂ ನೋಡುವುದಿಲ್ಲ. ಫೋನ್ ಮಾಡಿದರೆ ಮಾತಾಡುತ್ತಾರೆ, ಬೈಯುತ್ತಾರೆ, 'ಆ ವಿಷಯ ಯಾಕೆ ಬರೆಯಲಿಲ್ಲ' ಅಂತ ಕೇಳುತ್ತಾರೆ, ಕೊನೆಗೆ ದುಡ್ಡೂ ಕೊಡುತ್ತಾರೆ. ಆ ಬೈಗುಳವನ್ನು ಬರೆದಿಟ್ಟುಕೊಳ್ಳಿ. ಮುಂದಿನ ವರ್ಷದ ಕೆಲಸದ ಪಟ್ಟಿ ಅದರಲ್ಲೇ ಇರುತ್ತೆ.

ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ಕೇಳಿದರು, ದುಡ್ಡು ಕೊಟ್ಟವರಿಗೆ ಮಾತ್ರ ಓದಲು ಬಿಟ್ಟರೆ ಆಗಲ್ವಾ ಅಂತ. ಕೊಡದವರಿಗೆ ಬೀಗ ಹಾಕಿದರೆ ತಾನಾಗಿ ಕೊಡುತ್ತಾರೆ ಅನ್ನುವುದು ಅವರ ಮಾತು. ಮೀಡಿಯಾಪಾರ್ ಮಾಡುವುದು ಅದನ್ನೇ, ಅವರಿಗೆ ಅದು ಸರಿಹೋಗಿದೆ. ಬ್ರಿಟನ್ನಿನ ಗಾರ್ಡಿಯನ್ ಬೀಗ ಹಾಕಲಿಲ್ಲ. ಪ್ರತಿ ವರದಿಯ ಕೆಳಗೆ ನಿಂತು 2016ರಿಂದ ಕೇಳುತ್ತಾ ಬಂದಿದೆ, ಅವರಿಗೂ ಲಕ್ಷಗಟ್ಟಲೆ ಜನ ಕೊಡುತ್ತಿದ್ದಾರೆ. ಎರಡೂ ನಡೆಯುತ್ತೆ. ಆದರೆ ಕೊಡಗಿಗೆ ಬೀಗ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ. 2022ರ ಜೂನಿನಲ್ಲಿ ಚೆಂಬು, ಕರಿಕೆ ಕಡೆ ಭೂಮಿ ನಡುಗಿತು, ಒಂದಾದ ಮೇಲೆ ಒಂದು. ಆ ವಾರ ವಾಟ್ಸಾಪಿನಲ್ಲಿ ಏನೆಲ್ಲ ಓಡಾಡಿತು ಅಂತ ನಿಮಗೇ ಗೊತ್ತು. ನಿಜ ಏನು, ಎಲ್ಲಿ ನಡುಗಿತು, ಮನೆ ಬಿಡಬೇಕಾ ಬೇಡವಾ ಅಂತ ಹೇಳುವ ವರದಿಗೆ ಬೀಗ ಹಾಕಿ, ಸುಳ್ಳನ್ನು ಪುಕ್ಕಟೆ ಬಿಟ್ಟರೆ ಗೆಲ್ಲುವುದು ಯಾವುದು? ನಮ್ಮಲ್ಲಿ ದುಡ್ಡು ಕೊಡುವವರು ತಾವು ಓದುವುದಕ್ಕೆ ಮಾತ್ರ ಕೊಡುವುದಿಲ್ಲ. ಗುಡ್ಡದ ಬುಡದಲ್ಲಿರುವ ಪಕ್ಕದ ಮನೆಯವರೂ ಓದಲಿ ಅಂತ ಕೊಡುತ್ತಾರೆ. ಅದನ್ನು ಬಾಯಿ ಬಿಟ್ಟು ಹೇಳಿಯೇ ಕೇಳಬೇಕು.

ಈಗ ಕಷ್ಟದ ವಿಷಯ. ಜಾಹೀರಾತುದಾರರ ಹಂಗಿಲ್ಲ ಅಂದ ಮಾತ್ರಕ್ಕೆ ಪತ್ರಿಕೆ ಸ್ವತಂತ್ರ ಆಗಿಬಿಡುವುದಿಲ್ಲ. ಓದುಗರ ಹಂಗೂ ಹಂಗೇ. ನಮ್ಮ 1,200 ಜನ ಯಾರು ಅಂತ ಒಮ್ಮೆ ಯೋಚಿಸಿ. ಹೆಚ್ಚಿನವರು ಬೆಳೆಗಾರರು, ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಅವರ ಮಕ್ಕಳು, ನಿವೃತ್ತ ಸೈನಿಕರು, ಮಾಸ್ತರರು. ಇವರ ದುಡ್ಡಿನಲ್ಲಿ ನಡೆಯುವ ಪತ್ರಿಕೆ ತೋಟದ ಕೆಲಸದವರ ಲೈನ್ ಮನೆಗಳ ಬಗ್ಗೆ ಬರೆಯುತ್ತಾ? ಸೋರುವ ಸೂರು, ಕಕ್ಕಸು ಇಲ್ಲದ ಸಾಲು ಮನೆ, ಆನೆ ಬಂದಾಗ ಮೊದಲು ಸಿಕ್ಕಿಬೀಳುವ ಕೆಲಸದವರು, ಇದರ ಬಗ್ಗೆ ಬರೆಯುತ್ತಾ? 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದರು. ಆಗ ಇಡೀ ರಾಜ್ಯದ ಪತ್ರಿಕೆಗಳು ಬಂದು ಬರೆದು ಹೋದವು. ಆಮೇಲೆ ಆ ಕುಟುಂಬಗಳು ಎಲ್ಲಿ, ಹೇಗಿವೆ ಅಂತ ವರ್ಷ ವರ್ಷ ಹೋಗಿ ನೋಡಬೇಕಾದವರು ಇಲ್ಲಿನವರೇ ಅಲ್ವಾ? ಆ ಕುಟುಂಬಗಳು ನಿಮ್ಮ ಸದಸ್ಯರ ಪಟ್ಟಿಯಲ್ಲಿ ಇರುವುದಿಲ್ಲ. ಅವರ ಬಗ್ಗೆ ಬರೆದರೆ ಪಟ್ಟಿಯಲ್ಲಿರುವ ಕೆಲವರಿಗೆ ಸಿಟ್ಟು ಬರುತ್ತೆ. ಸದಸ್ಯತ್ವ ಬಿಡುತ್ತೇನೆ ಅಂತ ಫೋನ್ ಬರುತ್ತೆ.

ಬೆಳೆಗಾರರನ್ನು ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ನಾನೂ ತೋಟದ ಮನೆಯವನೇ. ಕೂಲಿ, ಗೊಬ್ಬರ, ಆನೆ, ಅಕಾಲದ ಮಳೆ, ಇದರ ನಡುವೆ ತೋಟ ಉಳಿಸಿಕೊಳ್ಳುವುದು ಏನು ಅಂತ ಗೊತ್ತಿದೆ. ಅದೂ ಪತ್ರಿಕೆಯಲ್ಲಿ ಬರಬೇಕಾದ ವಿಷಯವೇ. ಆದರೆ ಒಂದು ಊರಿನ ಪತ್ರಿಕೆ ದುಡ್ಡು ಕೊಡುವ ಶಕ್ತಿ ಇರುವವರ ಪತ್ರಿಕೆಯಾಗಿ ಸಣ್ಣದಾಗುವುದನ್ನು ನಾನು ಒಪ್ಪಲಾರೆ. 20 ರೂಪಾಯಿ ಕೊಟ್ಟವರೂ ಸದಸ್ಯರೇ ಅಂದದ್ದು ಈ ಕಾರಣಕ್ಕೆ. ಆ 20 ರೂಪಾಯಿಯಿಂದ ಸಂಬಳ ಆಗುವುದಿಲ್ಲ, ಆದರೆ ವರ್ಷಕ್ಕೊಮ್ಮೆ ಸದಸ್ಯರ ಸಭೆ ಮಾಡಿದಾಗ ಅವರಿಗೂ ಒಂದು ಕುರ್ಚಿ ಇರುತ್ತೆ, ಒಂದು ಮಾತಿರುತ್ತೆ. ಇನ್ನೊಂದು, ಒಬ್ಬರಿಂದ ವರ್ಷಕ್ಕೆ ಇಷ್ಟಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ ಅಂತ ಮೊದಲ ದಿನವೇ ಮಿತಿ ಹಾಕಿಕೊಳ್ಳಿ. ನನ್ನನ್ನು ಕೇಳಿದರೆ ಒಟ್ಟು ಖರ್ಚಿನ ನೂರಕ್ಕೆ ಎರಡು ಪಾಲು, ಅಂದರೆ ನಮ್ಮ ಲೆಕ್ಕದಲ್ಲಿ 24,000 ರೂಪಾಯಿ. ಅಷ್ಟು ಕೊಟ್ಟವರು ಸಿಟ್ಟಾಗಿ ಹೋದರೆ ಪತ್ರಿಕೆಗೆ ನೋವಾಗುತ್ತೆ, ಆದರೆ ಸಾಯುವುದಿಲ್ಲ. ಐದು ಲಕ್ಷ ಕೊಡುತ್ತೇನೆ ಅಂತ ಯಾರಾದರೂ ಪ್ರೀತಿಯಿಂದಲೇ ಬಂದರೂ ಕೈ ಮುಗಿದು ಬೇಡ ಅನ್ನಿ. ಇದನ್ನು ಬರೆದು ಪುಟದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹಾಕಿ. ಬರೆದಿಟ್ಟ ನಿಯಮ ಇದ್ದರೆ ಬೇಡ ಅನ್ನುವಾಗ ಮುಜುಗರ ಇರುವುದಿಲ್ಲ. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಜಿಲ್ಲೆಯಲ್ಲಿ ಅದು ಸಣ್ಣ ಅನುಕೂಲವಲ್ಲ.

ಲೆಕ್ಕ ತೋರಿಸುವ ವಿಷಯದಲ್ಲಿ ಉದ್ದ ಮಾತು ಬೇಕಿಲ್ಲ. ಮೂರು ತಿಂಗಳಿಗೊಮ್ಮೆ ಎಷ್ಟು ಬಂತು, ಎಲ್ಲಿಗೆ ಹೋಯಿತು, ಯಾರ ಸಂಬಳ ಎಷ್ಟು ಅಂತ ಹಾಕಿಬಿಡಿ. ಜಾಹೀರಾತು ತೆಗೆದುಕೊಂಡಿದ್ದರೆ ಯಾರದ್ದು, ಎಷ್ಟಕ್ಕೆ ಅಂತಲೂ ಇರಲಿ. ಕೊಟ್ಟವರ ಹೆಸರನ್ನು ಮಾತ್ರ ಅವರನ್ನು ಕೇಳದೆ ಹಾಕಬೇಡಿ. ಊರಿನ ದೇವಸ್ಥಾನದ ಗೋಡೆ ಮೇಲೆ ಹೆಸರು ಬರುವುದು ಒಂದು ರೀತಿ, ಪತ್ರಿಕೆಗೆ ದುಡ್ಡು ಕೊಟ್ಟೆ ಅಂತ ಗೊತ್ತಾಗುವುದು ಇನ್ನೊಂದು ರೀತಿ. 2022ರಲ್ಲಿ ಸುಳ್ಳು ಸುದ್ದಿ ಬಯಲು ಮಾಡುವ ಆಲ್ಟ್ ನ್ಯೂಸ್‌ಗೆ ಹಣ ಕೊಟ್ಟವರ ವಿವರಗಳು ಪಾವತಿ ಕಂಪನಿಯ ಮೂಲಕ ಪೊಲೀಸರ ಕೈಗೆ ಹೋದವು. ಕೊಟ್ಟವರಿಗೆ ಅದು ಗೊತ್ತಾದದ್ದು ಸುದ್ದಿಯಲ್ಲಿ ಓದಿದಾಗ. ಸರ್ಕಾರಿ ನೌಕರರಿರುತ್ತಾರೆ, ಅಂಗಡಿಯವರಿರುತ್ತಾರೆ. ಯಾರ ಯಾವ ವಿವರ ನಮ್ಮ ಹತ್ತಿರ ಇರುತ್ತೆ, ಯಾರು ನೋಡಬಹುದು ಅಂತ ಅವರಿಗೆ ಮೊದಲೇ ಹೇಳಬೇಕು. ಬೇಡದ ವಿವರ ಕೇಳಲೇಬೇಡಿ.

ಕಾನೂನಿನ ವಿಷಯಕ್ಕೆ ಒಬ್ಬ ಒಳ್ಳೆಯ ಸಿಎ ಬೇಕು, ಅದು ನನ್ನಿಂದ ಮುಗಿಯುವುದಲ್ಲ. ಎರಡು ವಿಷಯ ಮಾತ್ರ ಹೇಳುತ್ತೇನೆ. ಒಂದು, ಚಂದಾ ಬೇರೆ, ದೇಣಿಗೆ ಬೇರೆ. ಓದುವುದಕ್ಕೆ ಬದಲಾಗಿ ತೆಗೆದುಕೊಂಡ ಹಣ ವ್ಯಾಪಾರದ ಹಣ. ಟ್ರಸ್ಟ್ ಮಾಡಿಯೋ, ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿ ಮಾಡಿಯೋ ಆದಾಯ ತೆರಿಗೆ ಇಲಾಖೆಯ ನೋಂದಣಿ (80ಜಿ ಅಂತ ಕರೆಯುತ್ತಾ ಬಂದದ್ದು) ಪಡೆದರೆ ಮಾತ್ರ ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವುದು, ಅದೂ ನಗದಾಗಿ ಕೊಟ್ಟದ್ದು 2,000 ರೂಪಾಯಿ ದಾಟಬಾರದು. 'ವಿನಾಯಿತಿ ಸಿಗುತ್ತೆ' ಅಂತ ಬಾಯಿಮಾತಿನಲ್ಲಿ ಹೇಳಿ ದುಡ್ಡು ತೆಗೆದುಕೊಳ್ಳಬೇಡಿ.

ಎರಡನೆಯದು ಕೊಡಗಿಗೆ ತುಂಬಾ ಮುಖ್ಯ. ನಮ್ಮ ಮಕ್ಕಳು ಹೊರದೇಶದಲ್ಲಿ ತುಂಬಾ ಜನ ಇದ್ದಾರೆ, ಊರಿನ ಸುದ್ದಿಗೆ ಅವರಷ್ಟು ಹಸಿದವರು ಬೇರೆ ಇಲ್ಲ. ಆದರೆ ಸುದ್ದಿ ಪ್ರಕಟಿಸುವವರು ವಿದೇಶಿ ದೇಣಿಗೆ ಪಡೆಯುವುದಕ್ಕೆ ಎಫ್‌ಸಿಆರ್‌ಎ ಕಾನೂನಿನಲ್ಲಿ ನಿರ್ಬಂಧ ಇದೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ದುಬೈನಲ್ಲಿ ಕೆಲಸ ಮಾಡುವ ಹುಡುಗ ತನ್ನ ಉಳಿತಾಯದ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಮೆರಿಕದ ಪೌರತ್ವ ಪಡೆದ ಅವನ ಅಕ್ಕ ಅಷ್ಟೇ ಪ್ರೀತಿಯಿಂದ ಕಳಿಸಿದರೂ ಅದು ವಿದೇಶಿ ದೇಣಿಗೆಯೇ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಹಾಗಾಗಿ ಹೊರಗಿನಿಂದ ಯಾರೇ ಕೊಡುತ್ತೇನೆ ಅಂದರೂ ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಕೇಳಿ. ಕೊಡಲಾಗದವರಿಗೆ ಬೇರೆ ಕೆಲಸ ಇದೆ. ಊರಿನಲ್ಲಿರುವ ಅಣ್ಣ, ಚಿಕ್ಕಪ್ಪ, ಭಾವನಿಗೆ ಫೋನ್ ಮಾಡಿ ಸದಸ್ಯರಾಗಿ ಅಂತ ಹೇಳಲಿ.

ಇವತ್ತು ಇಲ್ಲಿಂದ ಹೊರಡುವ ಮೊದಲು ನಾನು ಕೇಳುವುದು ಹೆಸರುಗಳನ್ನು ಮಾತ್ರ. ದುಡ್ಡು ಬೇಡ. ಒಬ್ಬೊಬ್ಬರು ಹತ್ತು ಹೆಸರು ಬರೆದುಕೊಡಿ. ತೋಟದವರು, ಮಾಸ್ತರರು, ಆಟೋದವರು, ಲೈನ್ ಮನೆಯವರು, ಯಾರಾದರೂ ಸರಿ, ನೀವೇ ಫೋನ್ ಮಾಡಿ ಕೇಳಬಲ್ಲವರು. ಮಾರ್ಚಿನಲ್ಲಿ ಆ ಫೋನು ಹೋಗಲಿ. 1,200 ಜನ ಮೊದಲ ವರ್ಷ ಸಿಗಲಿಕ್ಕಿಲ್ಲ. 300 ಜನ ಸಿಕ್ಕರೆ ಮೂರು ಲಕ್ಷ. ಅದರಲ್ಲಿ ಆಫೀಸು, ಬೋರ್ಡು, ಉದ್ಘಾಟನೆ ಯಾವುದೂ ಬೇಡ. ಒಬ್ಬ ವರದಿಗಾರನನ್ನು, ಅಥವಾ ವರದಿಗಾರ್ತಿಯನ್ನು, ಗುಡ್ಡದ ಊರುಗಳಿಗೆ ಅಂತಲೇ ಇಡಿ. ಒಳ್ಳೆಯ ರೇನ್‌ಕೋಟು, ಎರಡು ಪವರ್‌ಬ್ಯಾಂಕು, ಬೇರೆ ಬೇರೆ ಕಂಪನಿಯ ಎರಡು ಸಿಮ್ ಕೊಡಿ, ಯಾಕೆಂದರೆ ಆಗಸ್ಟಿನಲ್ಲಿ ಒಂದು ಟವರ್ ಹೋದರೆ ಇನ್ನೊಂದಾದರೂ ಇರಬೇಕು. ಜೂನ್ 1ಕ್ಕೆ ಕೆಲಸ ಶುರುವಾಗಲಿ. ಸೆಪ್ಟೆಂಬರ್ ಕೊನೆಯವರೆಗಿನ ನಾಲ್ಕು ತಿಂಗಳ ಸಂಬಳ ಮೇ ಮುಗಿಯುವ ಮೊದಲೇ ಬ್ಯಾಂಕಿನಲ್ಲಿರಲಿ.